ಐದೂವರೆಗಿಂತ ಮುಂಚೆ ಬಂದವಳು

ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಬಿಟ್ಟರೆ ಯಾವತ್ತೂ ತಡ ಮಾಡದವಳ ಕೈಗೆ, ವಾರಕ್ಕೊಂದು ದಿನ ಚಕ್ಕರ್ ಹೊಡೆಯುತ್ತೀಯ ಎಂದು ಕಾಗದ ಕೊಟ್ಟರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ತಾಯಮ್ಮನಿಗೂ ಉರಿಯಿತು. ಒಲೆಯ ಮುಂದೆಯೇ ಆಯಸ್ಸು ಸವೆಸಿದವಳಿಗೆ ಉರಿ ಹೊಸದಲ್ಲ. ಆದರೆ ಇದು ಬೇರೆ ಉರಿ.

ತಾಯಮ್ಮ, ಹಿಂದೆ ಇಂಗ್ಲಿಷರು ಚಿನ್ನದ ಗಣಿ ನಡೆಸಿದ ಉರಿಗಾಂ ಕಡೆಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಮನೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಅವಳು ಹೊರಡುವ ನಸುಕಿಗೆ ಬಸ್ಸಿಲ್ಲ. ಮೈದುನ ನಾಗೇಶ ರಾಬರ್ಟ್‌ಸನ್‌ಪೇಟೆಗೆ ಹಾಲು ಸಾಗಿಸುವ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಬರುತ್ತಾಳೆ, ಐದಕ್ಕೆ ಐದು ನಿಮಿಷ ಇರುವಾಗ ಗೇಟಿನಲ್ಲಿ ಇಳಿಯುತ್ತಾಳೆ. ಮೊದಲ ಪಾಳಿಯ ಇನ್ನೂರ ಇಪ್ಪತ್ತು ಜನ ಆರು ಗಂಟೆಗೆ ತಟ್ಟೆ ಹಿಡಿದು ನಿಲ್ಲುತ್ತಾರೆ, ಆರೂವರೆಗೆ ಮೆಷಿನ್ನಿನ ಮುಂದಿರಬೇಕು. ಬಡಿಸುವ ಪುಷ್ಪ, ಮಿಕ್ಕವರು ಎಲ್ಲ ಐದೂಮುಕ್ಕಾಲಿಗೆ ಬಂದರೆ ಸಾಕು. ಒಲೆ ಹಚ್ಚುವವಳು ಮಾತ್ರ ಐದಕ್ಕೆ ಒಳಗಿರಬೇಕು. ಇಡೀ ಫ್ಯಾಕ್ಟರಿಯಲ್ಲಿ ಆ ಹೊತ್ತಿಗೆ ಬರುವವಳು ಅವಳೊಬ್ಬಳೇ.

ಹನ್ನೊಂದು ವರ್ಷವೂ ಕಂಟ್ರಾಕ್ಟಿನ ಮೇಲೆ. ಕೊರಳಿನ ಕಾರ್ಡಿನಲ್ಲಿ ಕಂಟ್ರಾಕ್ಟರನ ಹೆಸರು ದೊಡ್ಡದು, ಇವಳದು ಅದರ ಕೆಳಗೆ ಸಾಸಿವೆ ಕಾಳಿನಷ್ಟು. ಈ ವರ್ಷ ಕ್ಯಾಂಟೀನಿನ ಆರು ಜನರನ್ನು ಖಾಯಂ ಮಾಡಿಕೊಳ್ಳುತ್ತಾರೆಂದು ಸುದ್ದಿ ಬಂತು. ಪಟ್ಟಿಯಲ್ಲಿ ಮೊದಲ ಹೆಸರೇ ತಾಯಮ್ಮನದು. ಮೂರು ವಾರ ಕಳೆಯುವಷ್ಟರಲ್ಲಿ ಆ ಹೆಸರಿನ ಮೇಲೆ ಗೀಟು ಬಿತ್ತು.

ಆಫೀಸಿನಲ್ಲಿ ಹಾಜರಿ ವರದಿ ನೋಡಿಕೊಳ್ಳುವ ಚಂದನ್ ಕಾಗದ ಕೊಟ್ಟು ಕಾರಣ ತೋರಿಸಿದ. ಆರು ತಿಂಗಳ ಹಿಂದೆ ಗೇಟಿನಲ್ಲಿ ಕಾರ್ಡ್ ಒತ್ತುವ ಯಂತ್ರ ಬಂದಿತ್ತು. ಒಳಗೆ ಬರುವಾಗ ಒಮ್ಮೆ ಒತ್ತಿದರೆ ಹಾಜರಿ ನೇರವಾಗಿ ಆನ್‌ಲೈನ್ ಡೇಟಾಬೇಸಿಗೆ ಸೇರುತ್ತಿತ್ತು. ಅದರ ಪ್ರಕಾರ ತಾಯಮ್ಮನಿಗೆ ಇಪ್ಪತ್ತಾರು ವಾರದಲ್ಲಿ ಇಪ್ಪತ್ತಾರು ಗೈರು, ಹೆಚ್ಚುಕಡಿಮೆ ಎಲ್ಲವೂ ಶನಿವಾರ. ಸಾಲದು ಅಂತ, ಫ್ಯಾಕ್ಟರಿಗೆ ಬೀಗ ಬಿದ್ದಿರುವ ಭಾನುವಾರಗಳಲ್ಲಿ ಅಪ್ಪಣೆಯಿಲ್ಲದೆ ಹಾಜರಿ. ಭಾನುವಾರ ಅವಳು ಮನೆಯಲ್ಲಿ ಹಸು ತೊಳೆಯುತ್ತಿರುತ್ತಾಳೆಂದು ಊರಿಗೆಲ್ಲ ಗೊತ್ತು. ಸಂಬಳ ಕೊಡುವ ಕಂಟ್ರಾಕ್ಟರನ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆದರೆ ಖಾಯಮಾತಿಗೆ ಪುಸ್ತಕ ನಡೆಯುವುದಿಲ್ಲವಂತೆ, ಕಂಪ್ಯೂಟರ್ ಹೇಳಿದ್ದೇ ವೇದವಂತೆ. ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ!

"ಶನಿವಾರ ನಾನು ಬಂದಿಲ್ಲ ಅಂದ್ರೆ, ಶನಿವಾರ ಶನಿವಾರ ನೀವು ಎರಡೆರಡು ಸಲ ಆಕಿಸ್ಕೊಂಡು ತಿಂದ್ರಲ್ಲ ಕೇಸರಿಬಾತು, ಅದ್ನ ಯಾರು ಮಾಡಿದ್ರು ಸಾರ್?" ಎಂದು ಕೇಳಿದಳು.

ಚಂದನ್ ಕೆಟ್ಟವನಲ್ಲ, ಅದೇ ಇನ್ನೂ ಸಿಟ್ಟು ಬರಿಸುವ ವಿಷಯ. "ನೀವು ಬಂದಿದ್ದು ನನಗೂ ಗೊತ್ತಮ್ಮ. ಆದ್ರೆ ಸಿಸ್ಟಮ್‌ನಲ್ಲಿ ಇಲ್ವಲ್ಲ," ಎಂದ. ಕಣ್ಣಾರೆ ಕಂಡು, ಬಾಯಾರೆ ತಿಂದವನ ಮಾತು ಇದು.

ತಾಯಮ್ಮ ಅಲ್ಲಿಂದ ಏಳಲಿಲ್ಲ. ಇಪ್ಪತ್ತಾರು ದಿನವನ್ನೂ ಒಂದೊಂದಾಗಿ ಓದಿ ಹೇಳಿ ಎಂದು ಹಟ ಹಿಡಿದಳು. ಪಕ್ಕದ ಮೇಜಿನ ಶ್ಯಾಮಲ ಓದಿದಳು. ಕಂಪ್ಯೂಟರ್ ನೋಡಿಕೊಳ್ಳುವವಳು ಅವಳೇ. ಇಪ್ಪತ್ತೈದು ಶನಿವಾರ ಗೈರು. ಒಂದು ವಾರ ಮಾತ್ರ ಶನಿವಾರ ಹಾಜರಿ, ಅದರ ಬದಲು ಹಿಂದಿನ ಶುಕ್ರವಾರ ಗೈರು. ಆ ಹಾಜರಿಯ ಶನಿವಾರದ ತಾರೀಖನ್ನು ಶ್ಯಾಮಲ ಓದಿದಾಗ ತಾಯಮ್ಮ ನೆಟ್ಟಗೆ ಕೂತಳು. ಹಾಲಿನ ವ್ಯಾನಿನ ಟೈರು ಪಂಚರ್ ಆದ ದಿನ ಅದು. ಐದೂ ನಲವತ್ತಕ್ಕೆ ಓಡಿ ಬಂದು ಕಾರ್ಡ್ ಒತ್ತಿದ್ದಳು, ಎಲ್ಲರ ಕೈಲೂ ಬೈಸಿಕೊಂಡಿದ್ದಳು.

"ಲೇಟಾಗಿ ಬಂದ ದಿನ ಮಾತ್ರ ಬಂದಿದೀನಿ ಅಂತದೆ. ಬೇಗ ಬಂದ್ರೆ ಬಂದಿಲ್ಲ ಅಂತದೆ. ಇದ್ಯಾವ ಸೀಮೆ ಗಡಿಯಾರ?" ಎಂದಳು.

ಶ್ಯಾಮಲ ಪರದೆಯ ಮೇಲೆ ಅದನ್ನೂ ಇದನ್ನೂ ತೆರೆದು ನೋಡಿ ನಾಲಿಗೆ ಕಚ್ಚಿಕೊಂಡಳು. ಡೇಟಾಬೇಸು ಹೊತ್ತನ್ನು ಬರೆದುಕೊಳ್ಳುತ್ತಿದ್ದದ್ದು ಇಂಗ್ಲೆಂಡಿನ ಗ್ರೀನ್‌ವಿಚ್ ಲೆಕ್ಕದಲ್ಲಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದು. ಇಲ್ಲಿ ಬೆಳಗಿನ ಐದು ಎಂದರೆ ಅಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ದಿನವಾರು ಹಾಜರಿ ಹೆಕ್ಕುವ ಫಿಲ್ಟರು ಆ ತಾರೀಖನ್ನೇ ನಂಬಿತ್ತು. ಹಾಗಾಗಿ ತಾಯಮ್ಮನ ಸೋಮವಾರ ಭಾನುವಾರಕ್ಕೆ ಜಾರಿತ್ತು, ಶನಿವಾರ ಶುಕ್ರವಾರಕ್ಕೆ ಜಾರಿತ್ತು, ಶನಿವಾರದ ಮನೆ ಖಾಲಿ ಉಳಿದಿತ್ತು. ಐದೂವರೆ ದಾಟಿ ಬಂದ ಮಿಕ್ಕವರಿಗೆಲ್ಲ ತಾರೀಖು ಸರಿಯಾಗಿಯೇ ಬೀಳುತ್ತಿತ್ತು.

"ದೊರೆಗಳು ಗಣಿ ಬುಟ್ಟೋಗಿ ಎಷ್ಟು ಕಾಲ ಆಯ್ತು," ಎಂದಳು ತಾಯಮ್ಮ, "ಇನ್ನೂ ಅವ್ರಿಗೆ ಬೆಳಗಾದ್ರೇನೇ ನಮ್ಗೆ ಬೆಳಗು?"

ತಾರೀಖಿನ ಕಾಲಮ್ಮಿಗೂ ಫಿಲ್ಟರಿಗೂ ಭಾರತದ ಹೊತ್ತೆಂದು ಹೇಳಿಕೊಟ್ಟರೆ ಹತ್ತು ನಿಮಿಷದ ಕೆಲಸ, ಹಳೆಯ ದಿನಗಳೂ ಸರಿಹೋಗುತ್ತವೆ ಎಂದಳು ಶ್ಯಾಮಲ. ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಚಂದನ್‌ನ ಮುಖ ಬಾಡಿತು. ಆರು ತಿಂಗಳ ವರದಿ ತಪ್ಪೆಂದು ಹೆಡ್ ಆಫೀಸಿಗೆ ತಾನು ಬರೆಯಬೇಕಲ್ಲ. ಅದಕ್ಕೊಂದು ಸುಲಭದ ದಾರಿ ಹುಡುಕಿದ. 'ನನ್ನ ಗೈರುಹಾಜರಿಯನ್ನು ಮನ್ನಿಸಿ ಒಂದು ಅವಕಾಶ ಕೊಡಬೇಕಾಗಿ ವಿನಂತಿ' ಎಂದು ಟೈಪು ಮಾಡಿಸಿ ತಾಯಮ್ಮನ ಮುಂದಿಟ್ಟ. ಸಹಿ ಹಾಕಿದರೆ ಹೆಸರು ಪಟ್ಟಿಗೆ ವಾಪಸು ಬರುತ್ತದೆ, ಸೋಮವಾರ ಪಟ್ಟಿ ಹೋಗುತ್ತದೆ. ಯಂತ್ರ ಸರಿಮಾಡುವುದನ್ನು ಆಮೇಲೆ ನೋಡೋಣ, ಅಲ್ಲಿಯವರೆಗೆ ಐದೂವರೆ ಆದ ಮೇಲೆ ಕಾರ್ಡ್ ಒತ್ತಿ ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಾಯಮ್ಮ ಕಾಗದವನ್ನು ಎರಡು ಸಲ ಓದಿದಳು. ಹನ್ನೊಂದು ವರ್ಷ ಕಾದ ಖಾಯಂ ಕೆಲಸ ಒಂದು ಸಹಿಯಷ್ಟು ದೂರದಲ್ಲಿತ್ತು. ಕೈ ಪೆನ್ನಿನ ತನಕ ಹೋಯಿತು ಕೂಡ.

"ನಾನು ಮಾಡ್ದಿದ್ ತಪ್ಪನ್ನ ಒಪ್ಕೊಳಾಕಿಲ್ಲ ಸಾರ್. ಗಡಿಯಾರದ ಕೈಲಿ ಬರಿಸ್ಕೊಳ್ಳಿ," ಎಂದು ಎದ್ದಳು. "ಐದೂವರೆ ಆದ್ಮೇಲೆ ಒತ್ತು ಅಂದ್ರಲ್ಲ, ಅಂಗೇ ಮಾಡ್ತೀನಿ."

ಮಾರನೆಯ ದಿನ ಶನಿವಾರ. ತಾಯಮ್ಮ ಎಂದಿನಂತೆ ಐದಕ್ಕೆ ಮೊದಲೇ ವ್ಯಾನಿನಿಂದ ಇಳಿದು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಸೆರಗು ಹೊದ್ದು ಕೂತಳು. ಕಾರ್ಡ್ ಒತ್ತದೆ ಒಳಗೆ ಕಾಲಿಡಬಾರದೆಂಬುದು ಅವರದೇ ನಿಯಮ. ಗೇಟು ಕಾಯುವ ಆರುಮುಗಂ, ಗಣಿ ಕಾಲೊನಿ ಚಾಂಪಿಯನ್ ರೀಫ್ಸಿನವನು, ಗಾಬರಿಯಾಗಿ ಏನಕ್ಕಾ ಇಲ್ಲೇ ಕೂತೆ ಎಂದ.

"ಕಂಪ್ಯೂಟರ್‌ಗೆ ಇನ್ನೂ ಬೆಳಗಾಗಿಲ್ಲ ಕಣಪ್ಪ. ಆಗ್ಲಿ, ಓಗ್ತೀನಿ," ಎಂದಳು.

ಐದೂ ಮೂವತ್ತೊಂದಕ್ಕೆ ಕಾರ್ಡ್ ಒತ್ತಿ ಒಲೆ ಹಚ್ಚಿದಳು. ಆರು ಗಂಟೆಗೆ ಇನ್ನೂರ ಇಪ್ಪತ್ತು ಜನ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ರವೆ ಆಗಷ್ಟೇ ಬಾಣಲೆಗೆ ಬಿದ್ದಿತ್ತು. ತಟ್ಟೆಗಳ ಸದ್ದು ಕೇಳಿ ಮ್ಯಾನೇಜರ್ ವಿಶ್ವನಾಥ್ ಅಲ್ಲಿಗೇ ಬಂದರು. ತಾಯಮ್ಮ ಸೌಟು ಕೆಳಗಿಡದೆ, ದನಿ ಏರಿಸದೆ, ಎಲ್ಲರ ಎದುರಿಗೆ ಎಲ್ಲವನ್ನೂ ಹೇಳಿದಳು. ಜನ ಹಸಿದಿದ್ದರು, ಆದರೂ ಅವಳ ಮೇಲೆ ಯಾರೂ ಸಿಟ್ಟಾಗಲಿಲ್ಲ; ಎಲ್ಲರೂ ತಿರುಗಿ ಚಂದನ್ ಕಡೆ ನೋಡಿದರು. ಅವನೂ ಖಾಲಿ ತಟ್ಟೆ ಹಿಡಿದು ಸಾಲಿನಲ್ಲಿದ್ದ.

ಹತ್ತು ಗಂಟೆಯೊಳಗೆ ಶ್ಯಾಮಲ ಸರಿಮಾಡಿದಳು. ಇಪ್ಪತ್ತಾರು ಗೈರೂ ಮಾಯವಾದವು, ಭಾನುವಾರಗಳು ಖಾಲಿಯಾದವು. ತಪ್ಪು ತಮ್ಮದೆಂದು ಬರೆದ ಕಾಗದಕ್ಕೆ ಚಂದನ್ ತಾನೇ ಸಹಿ ಹಾಕಿದ. ಪಟ್ಟಿಯಲ್ಲಿ ತಾಯಮ್ಮನ ಹೆಸರು ಮತ್ತೆ ಮೊದಲಿಗೆ ಬಂತು.

ಸಂಜೆ ಶ್ಯಾಮಲ ಅವಳನ್ನು ಕರೆದು ಹಾಳೆ ತೋರಿಸಿದಳು. ಈಗ ಅದರಲ್ಲಿ ಎರಡೇ ಕೆಂಪು ಗುರುತು, ಎರಡೂ ತಡವಾಗಿ ಬಂದದ್ದಕ್ಕೆ. ಪಂಚರ್ ಆದ ಶನಿವಾರ ಒಂದು, ಈವತ್ತಿನದು ಒಂದು. ಕಾರಣ ಬರೆದರೆ ಎರಡನ್ನೂ ತೆಗೆಸಬಹುದು ಅಕ್ಕ ಎಂದಳು.

ತಾಯಮ್ಮ ಕೆಂಪು ಗುರುತುಗಳ ಮೇಲೆ ಬೆರಳಿಟ್ಟು ನೋಡಿದಳು.

"ಮೊದಲ್ನೇದು ಟೈರಿಂದು, ಬೇಕಾದ್ರೆ ತೆಗಿ," ಎಂದಳು. "ಇವತ್ತಿಂದು ಇರ್ಲಿ ಬುಡು. ಇದು ನಾನೇ ಮಾಡಿದ್ದು."