ಉಡಿಕೆಯ ಸೀರೆಯೂ ನೆಟಾಲಿನ ರಹದಾರಿಯೂ

ಅಕ್ಕನನ್ನು ದಕ್ಷಿಣ ಆಫ್ರಿಕಾದ ನೆಟಾಲಿಗೆ, ಅವಳ ಗಂಡನ ಹತ್ತಿರಕ್ಕೆ ಕಳಿಸುವ ಅರ್ಜಿಯನ್ನು ಚಳ್ಳಕೆರೆಯ ವಕೀಲರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ, ಅದೂ ಸಾಲಿನ ಕೆಳಗೆ ಬೆರಳಿಟ್ಟು. ಮಗ್ಗದ ಪಕ್ಕ ಕೂತು ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಬೆಳಗಿನ ಶುಭಲಗ್ನದಲ್ಲಿ ತಂದೆತಾಯಿ ಧಾರೆ ಎರೆದು, ಅಗ್ನಿಸಾಕ್ಷಿಯಾಗಿ, ಐದು ಜನ ಮುತ್ತೈದೆಯರ ಎದುರು ಮದುವೆ ನಡೆಯಿತು ಎಂದು ಓದಿದಾಗ ಅಕ್ಕ ರಾಟೆ ನಿಲ್ಲಿಸಿದಳು.

"ಇದು ಯಾರ ಮದುವೆನೋ?"

"ನಿಂದೇ ಅಕ್ಕ."

"ನಂದಾ? ನಾನಿದ್ನೇನೋ ಅಲ್ಲಿ?"

ಅವ್ವ ನಕ್ಕಳು. ಆಮೇಲೆ ಯಾರೂ ನಗಲಿಲ್ಲ.

ಅಕ್ಕನ ಮೊದಲ ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದ. ಆಮೇಲೆ ಆದದ್ದು ಉಡಿಕೆ. ನಮ್ಮಲ್ಲಿ ಗಂಡ ಸತ್ತವಳಿಗೆ ಎರಡನೆಯ ಸಲ ಚಪ್ಪರವಿಲ್ಲ, ವಾಲಗವಿಲ್ಲ, ಧಾರೆಯಿಲ್ಲ. ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಗಂಡು ಒಂದು ಸೀರೆ ತರುತ್ತಾನೆ. ಅದು ಹೆಣ್ಣಿನ ಮನೆಯ ಮಗ್ಗದಲ್ಲಿ ನೇಯ್ದದ್ದಾಗಿರಬಾರದು, ಜರಿಯೂ ಇರಬಾರದು. ಅದನ್ನು ಉಡಿಸುವವಳು ಇನ್ನೊಬ್ಬ ವಿಧವೆ. ಉಡಿಸಿದ ಮೇಲೆ ಗಂಡು ತಾಳಿ ಕಟ್ಟುತ್ತಾನೆ. ಮುತ್ತೈದೆಯರು ಆ ಹೊತ್ತಿಗೆ ಅಲ್ಲಿರಕೂಡದು. ಅಕ್ಕನಿಗೆ ಉಡಿಸಿದವಳು ನಮ್ಮ ಸೋದರತ್ತೆ. ದೀಪ ಹಿಡಿದು ನಿಂತವನು ನಾನು. ಹೆತ್ತ ಅವ್ವ ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ವಕೀಲರ ಅರ್ಜಿಯಲ್ಲಿ ಆ ಐದು ಮುತ್ತೈದೆಯರ ಪೈಕಿ ಮೊದಲನೆಯವಳು ಅವ್ವ. ತಾಲ್ಲೂಕಿನ ಅಮಲ್ದಾರರ ಮುಂದೆ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಾದವಳೂ ಅವಳೇ.

"ನಾನು ಕಣ್ಣಿಲೆ ನೋಡಿಲ್ಲಪ್ಪ. ನೋಡ್ದೆ ಅಂತ ದೇವ್ರ ಮೇಲೆ ಆಣೆ ಹೆಂಗ್ ಇಡ್ಲಿ?" ಎಂದಳು ಅವ್ವ.

ತೊಂದರೆ ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಭಾವ ರಾಂಪುರದವರು, ನೆಟಾಲಿನಲ್ಲಿ ಬಟ್ಟೆ ಅಂಗಡಿಯಲ್ಲಿದ್ದರು. ಉಡಿಕೆಗೆಂದು ಊರಿಗೆ ಬಂದು, ನೆಟಾಲಿಗೆ ತಿರುಗಿ ಬರಲು ಕೊಟ್ಟಿದ್ದ ರಹದಾರಿ ಪತ್ರದ ಅವಧಿ ತೀರುವ ಮುಂಚೆ ಒಬ್ಬರೇ ಮರಳಿದ್ದರು. ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿನ ಅಧಿಕಾರಿಯ ಮುಂದೆ ಅವರೂ ಹೇಳಿಕೆ ಕೊಟ್ಟಿದ್ದರು. ನಡೆದದ್ದನ್ನು ನಡೆದಂತೆಯೇ ಹೇಳಿದ್ದೇನೆ ಎಂದು ನಮಗೆ ಬರೆದಿದ್ದರು. ಎರಡು ಹೇಳಿಕೆ ತಾಳೆಯಾಗದಿದ್ದರೆ ಹೆಂಗಸನ್ನು ದಡಕ್ಕೆ ಇಳಿಸುವುದಿಲ್ಲ, ಬಂದ ಹಡಗಿನಲ್ಲೇ ಹಿಂದಕ್ಕೆ ಕಳಿಸುತ್ತಾರೆ ಎಂದೂ ಬರೆದಿದ್ದರು.

ಅಕ್ಕ, ಅತ್ತೆ, ನಾನು ಗಾಡಿ ಕಟ್ಟಿಸಿಕೊಂಡು ಚಳ್ಳಕೆರೆಗೆ ಹೋದೆವು. ವಕೀಲರು ಕೆಟ್ಟವರಲ್ಲ. ನಮ್ಮನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಡಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಉಡಿಕೆ ಅಂತ ಗೊತ್ತಿದ್ದೇ ಹಾಗೆ ಬರೆದೆ ಕಣಪ್ಪ. ಸೀರೆ ಉಟ್ಟಳು ಅಂದ್ರೆ ಆ ಬಿಳಿಯರು ಅದನ್ನ ಮದುವೆ ಅಂತಾರಾ? ಎಲ್ಲ ಅರ್ಜಿಗೂ ಹೀಗೇ ಬರೆಯೋದು. ಅಲ್ಲದೆ ಈ ಹೆಣ್ಣುಮಗಳು ಅಷ್ಟು ದೂರ ಹೋಗ್ತಾಳೆ. ಅಲ್ಲೂ ವಿಧವೆ ಅನ್ನೋ ಮಾತು ಇವಳ ಬೆನ್ನಿಗೆ ಯಾಕೆ?"

ಅವರು ಹೇಳಿದ್ದರಲ್ಲಿ ನಿಜವೂ ಇತ್ತು. ಸುಳ್ಳು ಅರ್ಜಿ ಹೋದರೆ ತಾಳೆಯಾಗದೆ ಹಿಂದಕ್ಕೆ ಬರಬಹುದು. ನಿಜದ ಅರ್ಜಿ ಹೋದರೆ ಇದು ಮದುವೆಯೇ ಅಲ್ಲ ಎಂದು ಹಿಂದಕ್ಕೆ ಬರಬಹುದು.

ಅಕ್ಕನೇ ಬಾಯಿ ತೆಗೆದಳು. "ಸ್ವಾಮಿ, ಅಲ್ಲಿ ಕೇಳೋದು ನನ್ನ. ನೀವು ಜತೀಗೆ ಬರಲ್ಲ. ಕಾಗದ ಒಂದು ಹೇಳಿ ನಾನೊಂದು ಹೇಳಿದ್ರೆ ಇಳಿಯೋಳು ಯಾರು, ಕಾಗದದೋಳಾ, ನಾನಾ?"

"ನಿನ್ನ ಗಂಡನಿಗೆ ಒಂದು ಸುಳ್ಳು ಹೇಳೋಕೆ ಬರಲಿಲ್ಲವಲ್ಲಮ್ಮ."

"ಬಂದಿದ್ರೆ ನನ್ನೇ ಯಾಕೆ ಮಾಡ್ಕೊತಿದ್ದ?" ಎಂದಳು ಅತ್ತೆ ಪಕ್ಕದಿಂದ. ವಕೀಲರಿಗೆ ಅದು ಅರ್ಥವಾಗಲಿಲ್ಲ. ಅತ್ತೆ ಅಕ್ಕನ ಕಡೆ ಕೈ ಮಾಡಿ, "ಇವಳ ಬಾಯಾಗಿನ ಮಾತು ನಾನಂದೆ. ಸುಳ್ಳು ಬರೋನಾಗಿದ್ರೆ ವಿಧವೇನ ಯಾಕ್ ಕೇಳ್ತಿದ್ದ, ಅಂತ" ಎಂದು ಬಿಡಿಸಿ ಹೇಳಿದಳು. ವಕೀಲರು ಅರ್ಜಿಯನ್ನು ಎರಡಾಗಿ ಹರಿದು ಹೊಸ ಹಾಳೆ ತೆಗೆದರು. ನಾನು ಹೇಳುತ್ತಾ ಹೋದೆ, ಅವರು ಬರೆದರು. ಐದು ಮುತ್ತೈದೆಯರನ್ನು ತೆಗೆಸಿ ಅತ್ತೆಯನ್ನೂ ನನ್ನನ್ನೂ ಸಾಕ್ಷಿಗೆ ಹಾಕಿಸಿದೆ.

ಮರುದಿನ ಅಮಲ್ದಾರರ ಕಚೇರಿ. ಕಂದಾಯದ ಕೆಲಸಕ್ಕೆ ಬಂದ ರೈತರು ಅಂಗಳ ತುಂಬ ಇದ್ದರು. ಜವಾನ ಬಾಗಿಲಲ್ಲಿ ನಿಂತು ಅಕ್ಕನನ್ನು ಕೂಗಿದ. ಇಂಥವನ ವಿಧವೆ, ಇಂಥವನಿಗೆ ಉಡಿಕೆಯಾದವಳು ಎಂದು ಹೊಸ ಅರ್ಜಿಯಲ್ಲಿದ್ದಂತೆಯೇ ಮೂರು ಸಲ ಕೂಗಿದ. ಒಂದಿಬ್ಬರು ತಿರುಗಿ ನೋಡಿದರು. ಮೂರನೆಯ ಸಲಕ್ಕೆ ಅಂಗಳವೆಲ್ಲ ನೋಡಿತು. ಅಕ್ಕ ಸೆರಗು ಎಳೆದುಕೊಂಡು ಅವರ ನಡುವೆ ಹಾದು ಒಳಗೆ ಹೋದಳು. ಅರ್ಜಿ ತಿದ್ದಿಸಿದವನು ನಾನು. ಆ ಮಾತು ಅಷ್ಟು ಜನರ ಕಿವಿಗೆ ಬೀಳುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಅತ್ತೆಯನ್ನು ಮೊದಲು ಕೇಳಿದರು. ಸೀರೆ ಯಾರು ತಂದರು, ಯಾರು ಉಡಿಸಿದರು, ತಾಳಿ ಕಟ್ಟಿದ್ದು ಯಾರು. "ನಾನೇ ಉಡಿಸ್ದೆ, ಅವನೇ ಕಟ್ಟಿದ" ಎಂದಳು.

"ತಾಯಿ ಯಾಕೆ ಇರಲಿಲ್ಲ?"

"ಮುತ್ತೈದೆ ಸ್ವಾಮಿ ಅವಳು. ಆ ಹೊತ್ತು ನಮ್ಮಂಥೋರದು."

ಅಮಲ್ದಾರರು ತಲೆಯೆತ್ತಿ ಅವಳನ್ನು ನೋಡಿ ಬರೆದುಕೊಂಡರು. ನನ್ನನ್ನು ಕೇಳಿದರು. ಕಂಡಷ್ಟನ್ನೇ ಹೇಳಿದೆ. ಕಡೆಗೆ ಅಕ್ಕನ ಕಡೆ ತಿರುಗಿ ಅರ್ಜಿಯಲ್ಲಿಲ್ಲದ ಒಂದು ಮಾತು ಕೇಳಿದರು.

"ನೀನು ಒಪ್ಪಿ ಉಟ್ಟೆಯೋ, ಉಡಿಸಿದರು ಅಂತ ಉಟ್ಟೆಯೋ?"

ಅಮಲ್ದಾರರು ಲೇಖನಿ ಹಿಡಿದೇ ಕಾದರು. ಉಡಿಕೆಯ ಮಾತು ಬಂದಾಗ ಅಪ್ಪ ಕೇಳಿದ್ದು ಕುಲದ ಯಜಮಾನರನ್ನು, ಯಜಮಾನರು ಕೇಳಿದ್ದು ಭಾವನ ಮನೆಯವರನ್ನು. ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳು ಏನು ಹೇಳುತ್ತಾಳೋ ನನಗೆ ನಿಜವಾಗಿ ಗೊತ್ತಿರಲಿಲ್ಲ.

"ಒಪ್ಪಿ ಉಟ್ಟೆ ಸ್ವಾಮಿ" ಎಂದಳು ಕೊನೆಗೆ.

ಹೆಬ್ಬೆಟ್ಟು ಒತ್ತಿಸಿಕೊಂಡು, ಇವರ ಕುಲದ ರೂಢಿಯಂತೆ ಈಕೆ ಅವನ ಹೆಂಡತಿ ಎಂದು ಬರೆದು ಮೊಹರು ಹಾಕಿ ಕೊಟ್ಟರು.

ವಾಪಸು ಬರುವಾಗ ಅತ್ತೆ ಗಾಡಿಯಲ್ಲೇ ನಿದ್ದೆ ಹೋಗಿದ್ದಳು. ಅಕ್ಕ ಬೆರಳಿನ ಮಸಿಯನ್ನು ಹುಲ್ಲಿಗೆ ಉಜ್ಜುತ್ತಾ, "ಹರಿದು ಹಾಕಿದ್ರಲ್ಲ ಮೊದಲ್ನೇದು, ಅದು ನೆನಪೈತಾ ನಿಂಗೆ?" ಎಂದಳು.

"ಐತೆ."

"ಇನ್ನೊಂದು ಸಲ ಹೇಳು."

ಶುಭಲಗ್ನ, ಧಾರೆ, ಅಗ್ನಿ, ಐದು ಮುತ್ತೈದೆಯರು ಎಂದು ಹೇಳಿದೆ. "ಅವ್ವನೂ ಇದ್ಳು ಅಲ್ವಾ ಅದ್ರಾಗೆ" ಎಂದಳು.

ಅವಳು ಹಡಗು ಹತ್ತಿದ ಮೇಲೆ ಬಹಳ ದಿನ ಸುದ್ದಿಯಿರಲಿಲ್ಲ. ಯಾರಾದರೂ ಗಾಡಿ ನಿಲ್ಲಿಸಿದರೆ, ಹಿಂದಕ್ಕೆ ಬಂದಳೋ ಎಂದು ಅವ್ವ ಬಾಗಿಲಿಗೆ ಹೋಗುತ್ತಿದ್ದಳು. ಕಡೆಗೆ ಭಾವನ ಕಾಗದ ಬಂತು. ಅಲ್ಲಿನ ಅಧಿಕಾರಿ ಎರಡು ಹೇಳಿಕೆಗಳನ್ನೂ ಪಕ್ಕಪಕ್ಕ ಇಟ್ಟು ಓದಿದನಂತೆ. ಒಪ್ಪಿ ಆದದ್ದೋ ಎಂದು ದುಭಾಷಿಯ ಮೂಲಕ ಅವನೂ ಕೇಳಿದನಂತೆ. ಹೌದು ಎಂದಳು, ಇಳಿಸಿಕೊಂಡರು ಎಂದಿತ್ತು. ಕೂಡಲೇ ಹೇಳಿದಳೋ, ತಡೆದು ಹೇಳಿದಳೋ, ಭಾವ ಬರೆದಿರಲಿಲ್ಲ.