ಟ್ಯಾಬಿನಲ್ಲಿ ನಡುಗಿದ ಜೀನ್ಸ್

ಮೂರು ಜೀನ್ಸ್ ಪ್ಯಾಂಟು. ಅದರಲ್ಲಿ ಒಂದು ನಲವತ್ತೆರಡು ಸೊಂಟದ್ದು. ಅಷ್ಟು ಬಟ್ಟೆಯಲ್ಲಿ ಸಾಲಿ ಹುಡುಗರಿಗೆ ಎರಡು ಪ್ಯಾಂಟು ಹೊಲಿಯಬಹುದಿತ್ತು. ಫೋಟೊ ಜೋಡಿಸಿದ ವಿಡಿಯೊ ಟ್ಯಾಬಿನಲ್ಲಿ ಯಾಕೆ ಮಿಣುಕುತ್ತದೆ ಎಂದು ಕಲಿಯಲು ನಾನು ತೆತ್ತ ಬೆಲೆ ಇಷ್ಟು. ದುಡ್ಡು ಕೊಟ್ಟು ಮುಗಿಸಬಹುದಿತ್ತು. ಆದರೆ ದುಡ್ಡು ಕೊಟ್ಟರೆ ತಪ್ಪು ನನ್ನದೆಂದು ನಾನು ಒಪ್ಪಿದ ಹಾಗೆ. ಅವನು ದುಡ್ಡು ಬಿಟ್ಟರೆ ತಪ್ಪು ತನ್ನದೆಂದು ಅವನೇ ಒಪ್ಪಿದ ಹಾಗೆ. ಇಬ್ಬರಿಗೂ ಅದು ಬೇಕಿರಲಿಲ್ಲ. ಪ್ಯಾಂಟಿಗೆ ಬಾಯಿಲ್ಲ, ಯಾರ ತಪ್ಪನ್ನೂ ಅದು ಹೇಳುವುದಿಲ್ಲ. ಹಾಗಾಗಿ ಪ್ಯಾಂಟು.

ಅವನು ಎಂದರೆ ಬಳ್ಳಾರಿಯ ಒಂದು ಫೋಟೊ ಸ್ಟುಡಿಯೊದ ಮಾಲೀಕ. ಮದುವೆಯ ಫೋಟೊಗಳನ್ನು ಒಂದರ ಹಿಂದೊಂದು ಪೋಣಿಸಿ, ಹಿಂದೆ ಶಹನಾಯಿ ಹಚ್ಚಿ, ಬೀಗರ ಕಣ್ಣಲ್ಲಿ ನೀರು ಬರಿಸುವ ವಿಡಿಯೊ ಮಾಡುವುದರಲ್ಲಿ ಪಳಗಿದ ಕೈ. ನಾನು ಕುರುಗೋಡಿನಲ್ಲಿ ಜೀನ್ಸ್ ಹೊಲಿಸುವವಳು. ಮೊದಲು ಬಳ್ಳಾರಿಯ ಒಂದು ಯೂನಿಟ್ಟಿನಲ್ಲಿ ನೆಲದ ಮೇಲೆ ಕೂತು ದಾರದ ತುದಿ ಕತ್ತರಿಸುತ್ತಿದ್ದೆ. ಆಮೇಲೆ ಮಷೀನಿಗೆ ಕೂತೆ, ಆಮೇಲೆ ಮಷೀನು ಕೊಂಡೆ, ಈಗ ಮಷೀನುಗಳ ಮುಂದೆ ಬೇರೆಯವರನ್ನು ಕೂರಿಸಿದ್ದೇನೆ. ಆದರೆ ಹೊಲಿದದ್ದೆಲ್ಲ ಜಾಬ್‌ವರ್ಕು. ಸೊಂಟದ ಹಿಂದೆ ಹೊಲಿಯುವ ತೊಗಲಿನ ತುಂಡಿನ ಮೇಲೆ ಯಾರ್ಯಾರದೋ ಹೆಸರು. ಹೆತ್ತವಳು ನಾನು, ಹೆಸರು ಮಂದಿಯದು. ನನ್ನದೇ ಲೇಬಲ್ಲು ಅಚ್ಚು ಹಾಕಿಸಿ ಒಂದು ಡಬ್ಬಿಯ ತುಂಬ ಇಟ್ಟುಕೊಂಡಿದ್ದೆ. ಅದನ್ನು ಹೊಲಿಯುವುದಕ್ಕೆ ಒಂದು ಆರ್ಡರು ಬೇಕಾಗಿತ್ತು.

ಆ ಆರ್ಡರು ಸಿರುಗುಪ್ಪದ ಒಬ್ಬ ಬಟ್ಟೆ ಅಂಗಡಿ ಸಾವುಕಾರರ ಕೈಯಲ್ಲಿತ್ತು. ನೆಲ್ಲು ಮಾರಿದ ಮರುದಿನ ಮಂದಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ನುಗ್ಗುವ ಅಂಗಡಿ. ಅಲ್ಲಿ ಒಬ್ಬ ಗಿರಾಕಿ ಒಂದು ಪ್ಯಾಂಟು ಕೊಳ್ಳುವುದಕ್ಕೆ ಇಡೀ ರ‍್ಯಾಕು ಬಿಚ್ಚಿಸುತ್ತಾನೆ. ಮಡಚಿ ಮಡಚಿ ಕೈ ಬಿದ್ದುಹೋದ ಮೇಲೆ ಸಾವುಕಾರರು ಕೌಂಟರಿನ ಮೇಲೆ ಟ್ಯಾಬುಗಳನ್ನು ನಿಲ್ಲಿಸಿದ್ದರು. ಮೊದಲು ಅದರಲ್ಲಿ ನೋಡಿ ಆರಿಸು, ಆಮೇಲೆ ಒಂದೇ ಒಂದು ಬಿಚ್ಚೋಣ ಎಂಬ ಲೆಕ್ಕ. ನನಗೆ ಹೇಳಿದರು:

"ನಿಮ್ ಮಾಲಿನ ವಿಡಿಯೊ ತಗೊಂಡ್ ಬರ್ರಿ ಅಕ್ಕಾರ. ಟ್ಯಾಬಿನಾಗ ಛಲೋ ಕಂಡ್ರ ಮುಂದಿನ ರ‍್ಯಾಕು ನಿಮ್ದು, ಲೇಬಲ್ಲೂ ನಿಮ್ದು. ಇಲ್ಲಾಂದ್ರ ಇನ್ನೊಬ್ಬಾಂವ ಕಾದು ಕುಂತಾನ. ಸೋಮವಾರ ಆರ್ಡರ್ ಯಾರಿಗಂತ ನಾ ಹೇಳಿಬಿಡ್ತೀನಿ."

ನಾನು ಸ್ಟುಡಿಯೊಕ್ಕೆ ಓಡಿದೆ. ಜೀನ್ಸ್ ಬಟ್ಟೆಗೆ ಒಂದು ಓರೆ ಗೆರೆ ಇರುತ್ತದೆ, ಹತ್ತಿರದಿಂದ ನೋಡಿದರೆ ಸಣ್ಣ ಮಳೆಯ ಸಾಲಿನ ಹಾಗೆ. ಮಾಲು ಬಲ್ಲವರು ಮೊದಲು ಬೆರಳಿಡುವುದು ಅಲ್ಲಿಗೇ. ಅದಕ್ಕೇ ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ: "ಲೇ ತಮ್ಮಾ, ಗೆರಿ ಎಣಿಸಂಗ ಬರಬೇಕು ನೋಡು. ನಿನ್ನ ಕ್ಯಾಮೆರಾದಾಗ ಎಷ್ಟು ದೊಡ್ಡ ಫೋಟೊ ಬರತೈತೋ ಅಷ್ಟು ದೊಡ್ಡದು ತೆಗಿ." ತೆಗೆದ. ಮದುವೆಯಲ್ಲಿ ಕ್ಯಾಮೆರಾ ಮದುಮಗಳ ಮುಖದ ಕಡೆಗೆ ಮೆಲ್ಲಗೆ ಮೆಲ್ಲಗೆ ಹೋಗುತ್ತದಲ್ಲ, ಹಾಗೆಯೇ ನನ್ನ ಪ್ಯಾಂಟಿನ ತೊಡೆಯ ಕಡೆಗೂ ಹೋಗುವ ಹಾಗೆ ಮಾಡಿದ. ಶಹನಾಯಿ ತೆಗೆಸಲು ಒಂದು ಜಗಳವೇ ಆಯಿತು.

ಗುರುವಾರ ನಾನು, ನಮ್ಮ ಯಜಮಾನರು ಸಿರುಗುಪ್ಪಕ್ಕೆ ಹೋಗಿ ವಿಡಿಯೊ ಹಚ್ಚಿದೆವು. ಮೊದಲ ಪ್ಯಾಂಟು ಬಂತು, ಮೆಲ್ಲಗೆ ಹತ್ತಿರವಾಯಿತು, ನಡುಗತೊಡಗಿತು. ತೊಡೆಯ ಮೇಲೆ ಇರುವೆ ಹರಿದಾಡಿದ ಹಾಗೆ, ಸೊಂಟಪಟ್ಟಿಗೆ ಚಳಿಜ್ವರ ಬಂದ ಹಾಗೆ. ತಿಳಿ ನೀಲಿಯದಂತೂ ಟ್ಯೂಬ್‌ಲೈಟು ಹತ್ತುವ ಮುಂಚೆ ಒದ್ದಾಡಿದಂತೆ ಮಿಣಮಿಣ ಅನ್ನುತ್ತಿತ್ತು.

"ಏಂದಕ್ಕಾ ಇದಿ?" ಎಂದರು ಸಾವುಕಾರರು. ವ್ಯಾಪಾರ ಕೆಟ್ಟಾಗಲೆಲ್ಲ ಅವರ ಬಾಯಿಗೆ ತೆಲುಗು ಬರುತ್ತದೆ. ಆಮೇಲೆ ಕನ್ನಡಕ್ಕೆ ಇಳಿದು, "ಬಟ್ಟಿ ಮಿಂಚಾಕತ್ತೈತಿ. ಪಾಲಿಸ್ಟರ್ ಬೆರೆಸೀರೇನು?" ಎಂದರು.

ನನ್ನ ತಲೆ ಕಾದುಹೋಯಿತು. ಬೆಂಕಿಪೊಟ್ಟಣ ಕೇಳಿ ಇಸಿದುಕೊಂಡೆ. ತೋರಿಸಲೆಂದು ನನ್ನ ಲೇಬಲ್ಲು ಹಚ್ಚಿ ತಂದಿದ್ದ ಸ್ಯಾಂಪಲ್ ಪ್ಯಾಂಟುಗಳಲ್ಲಿ ಒಂದರ ಒಳಮೈಯಿಂದ ಒಂದು ಎಳೆ ಕಿತ್ತು ಸುಟ್ಟೆ. ಹತ್ತಿಯಾದರೆ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಸ್ಟರಾದರೆ ಕರಗಿ ಮಣಿಯಾಗುತ್ತದೆ. ಬೂದಿಯಾಯಿತು. ಕಿತ್ತದ್ದು ಬಟ್ಟೆಯ ಎಳೆ, ಹೊಲಿಗೆಯ ದಾರವಲ್ಲ. ಹೊಲಿಗೆ ದಾರ ಯಾರದಾದರೂ ಪಾಲಿಸ್ಟರೇ, ಆದರೆ ಅದನ್ನು ಆಗ ಹೇಳುವ ಅಗತ್ಯವಿರಲಿಲ್ಲ.

"ನೋಡ್ರಿ ಸಾವ್ಕಾರ್ರ, ಬೂದಿ."

"ನನಗ ನಂಬಿಕಿ ಬಂತು ಬಿಡ್ರಿ. ಆದ್ರ ಗಿರಾಕಿ ನೋಡಾದು ಟ್ಯಾಬು. ಬಂದಾಂವ್ಗೆಲ್ಲಾ ನಾ ಪ್ಯಾಂಟು ಸುಟ್ಟು ತೋರ್ಸಾಕ ಆಕ್ಕೈತೇನು? ಪಾಲಿಸ್ಟರ್ ರೇಟಿಗೆ ಕೊಡ್ತೀರಿ ಅಂದ್ರ ಹೇಳ್ರಿ, ಈಗ್ಲೇ ಇಳಿಸ್ಕೊಂತೀನಿ."

ನೋಡಿ, ಮಿಣುಕುವುದು ವಿಡಿಯೊ, ಇಳಿಯಬೇಕಾದ್ದು ನನ್ನ ರೇಟು! ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ, ಅದು ಬೇರೆ ಮಾತು.

ಅವರ ಟ್ಯಾಬೇ ಕೆಟ್ಟಿರಬೇಕು ಎಂದೆ. ಅವರು ಅದರಲ್ಲೇ ಒಂದು ಸಿನಿಮಾ ಹಾಡು ಹಚ್ಚಿ ತೋರಿಸಿದರು. ನಾಯಕಿಯ ಸೀರೆ ಒಂದಿಷ್ಟೂ ನಡುಗಲಿಲ್ಲ. ಬೆಳಕು ಕಡಿಮೆ ಮಾಡಿದೆವು, ಹೆಚ್ಚು ಮಾಡಿದೆವು, ಗಾಜಿನ ಮೇಲಿನ ಪ್ಲಾಸ್ಟಿಕ್ಕು ಕಿತ್ತೆವು, ಚಾರ್ಜರು ತೆಗೆದೆವು. ಪ್ಯಾಂಟು ನಡುಗುತ್ತಲೇ ಇತ್ತು. ಸ್ಟುಡಿಯೊಕ್ಕೆ ಫೋನು ಹಚ್ಚಿದರೆ ಅವನು, "ಇಲ್ಲಿ ನಂ ಕಂಪ್ಯೂಟರಿನಾಗ ಫಸ್ಟ್ ಕ್ಲಾಸ್ ಐತಿ ಅಕ್ಕಾ. ನಿನ್ನ ಕಣ್ಣು ತೋರ್ಸು" ಎಂದ.

ಕಣ್ಣಲ್ಲ, ಟ್ಯಾಬನ್ನೇ ತೋರಿಸುತ್ತೇನೆ ಎಂದುಕೊಂಡೆ. "ಇದೊಂದು ನನಗ ಕೊಡ್ರಿ, ಸೋಮವಾರ ತರ್ತೀನಿ" ಎಂದರೆ ಸಾವುಕಾರರು ನನ್ನ ಮುಖ ನೋಡಿದರು, ಟ್ಯಾಬಿನ ಮುಖ ನೋಡಿದರು. "ಏನಿಟ್ಟು ಹೋಗ್ತೀರಿ?" ಎಂದರು. ನನ್ನ ಲೇಬಲ್ಲು ಹೊಲಿದಿದ್ದ ಸ್ಯಾಂಪಲ್ ಪ್ಯಾಂಟುಗಳ ಗಂಟನ್ನೇ ಅವರ ಕಾಲ ಬಳಿ ಇಟ್ಟು ಬಂದೆ.

ಬಸ್ಸಿನಲ್ಲಿ ನಮ್ಮವರು ಪಕ್ಕದಲ್ಲೇ ಇದ್ದರು. ಮಡಿಲಲ್ಲಿ ಟ್ಯಾಬಿಟ್ಟುಕೊಂಡು ನಾನು ಪ್ಯಾಂಟುಗಳನ್ನೇ ನೋಡುತ್ತಿದ್ದೆ. "ರೇಟು ಇಳಿಸಿ ಕೊಟ್ಟು ಬಿಡು, ಎದಿ ಒಡಕೊಂಡು ಸಾಯ್ತೀ ಏನು" ಎಂದರು. "ಸುಮ್ನಿರ್ರಿ" ಎಂದೆ. ತೆಕ್ಕಲಕೋಟೆ ದಾಟುವಾಗ ಗುಂಡಿಯಲ್ಲಿ ಬಸ್ಸು ಎಗರಿತು, ನನ್ನ ಬೆರಳು ತಾಗಿ ವಿಡಿಯೊ ನಿಂತಿತು. ನಿಂತ ಕೂಡಲೇ ನಡುಕವೂ ನಿಂತಿತು. ಮತ್ತೆ ಓಡಿಸಿದೆ, ನಡುಗಿತು. ನಿಲ್ಲಿಸಿದೆ, ತಣ್ಣಗಾಯಿತು. ಆಮೇಲೆ ಇನ್ನೊಂದು ಕಂಡಿತು: ಕಪ್ಪು ಪ್ಯಾಂಟಿನ ತೊಡೆ ನಡುಗುತ್ತಿಲ್ಲ. ಅದರ ಗೆರೆ ಕಣ್ಣಿಗೆ ಕಾಣುವುದೇ ಕಡಿಮೆ. ಗೆರೆ ಎದ್ದು ಕಾಣುವ ತಿಳಿ ನೀಲಿಯದಕ್ಕೇ ಜ್ವರ ಜಾಸ್ತಿ. ಆದರೆ ಸೊಂಟಪಟ್ಟಿ ಮಾತ್ರ ಕಪ್ಪಿನದೂ ನಡುಗುತ್ತಿತ್ತು.

ಅಂದರೆ ಕಳ್ಳರು ಇಬ್ಬರು, ತೊಡೆಗೊಬ್ಬ, ಸೊಂಟಪಟ್ಟಿಗೊಬ್ಬ. ನಾನು ಎಷ್ಟು ಹಿಗ್ಗಿದೆನೆಂದರೆ ನಮ್ಮವರಿಗೆ ಕಳ್ಳೆಕಾಯಿ ಕೊಡಿಸಿದೆ.

ಸ್ಟುಡಿಯೊದಲ್ಲಿ ಅವನು ದೊಡ್ಡ ಪರದೆಯ ಮೇಲೆ ವಿಡಿಯೊ ಓಡಿಸಿ, "ನೋಡು, ಎಲ್ಲಿ ಐತಿ ನಿನ್ನ ನಡುಕ?" ಎಂದು ಎದೆ ಉಬ್ಬಿಸಿದ. ನಿಜ, ಇರಲಿಲ್ಲ. ನಾನು ಟ್ಯಾಬು ಮುಂದೆ ಹಿಡಿದೆ. ಅವನ ಎದೆ ಇಳಿಯಿತು. ಆಮೇಲೆ ಕೇಳಿದರೆ ಅವನು ಪರದೆಯ ಮೇಲೆ ತೋರಿಸುತ್ತಿದ್ದದ್ದು ಜೋಡಿಸುವ ಸಾಫ್ಟ್‌ವೇರಿನೊಳಗಿನದು. ತಯಾರಾಗಿ ಹೊರಬಂದ ಫೈಲನ್ನು ಅವನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಸಾರು ಒಲೆಯ ಮೇಲಿದ್ದಾಗ ರುಚಿ ನೋಡಿ, ಎಲೆಗೆ ಬಡಿಸಿದ್ದು ಹೇಗಿದೆ ಎಂದು ತಿರುಗಿ ನೋಡದ ಅಡುಗೆಯವನ ಹಾಗೆ.

"ಎಲ್ಲಾ ಸೆಟ್ಟಿಂಗೂ ಬದಲಿ ಮಾಡಿಬಿಡ್ತೀನಿ ತಡಿ" ಎಂದು ಮೌಸು ಹಿಡಿದ.

"ಮುಟ್ಟಿದ್ರ ನೋಡು! ಮಷೀನಿನಾಗ ದಾರ ಹರದ್ರ ಮೊದ್ಲು ಸೂಜಿ ಬದಲಿ ಮಾಡ್ತೀವಿ. ಹೊಲದು ನೋಡ್ತೀವಿ. ಆಮ್ಯಾಲೆ ಬಿಗಿ ಸಡಿಲು ಮಾಡ್ತೀವಿ. ಎಲ್ಲಾ ಒಂದೇ ಸಲ ಬದ್ಲಿಸಿದ್ರ ಯಾವುದ್ರಿಂದ ಸರಿ ಆತು ಅಂತ ಯಾರಿಗ್ ಗೊತ್ತಾಕ್ಕೈತಿ? ಒಂದ್ ಪ್ಯಾಂಟಿನ ತುಣುಕು ಮಾಡು. ಒಂದೊಂದೇ ಬದ್ಲಿಸು."

ಗೊಣಗಿಕೊಂಡೇ ಮಾಡಿದ. ಮೊದಲ ಕಳ್ಳ ಬೇಗ ಸಿಕ್ಕಿದ. ಫೈಲು ಹೊರತೆಗೆಯುವ ಕಡೆ 'ಇಂಟರ್‌ಲೇಸ್ಡ್' ಎಂದು ಆರಿಸಿ ಇಟ್ಟಿದ್ದ. ಅದು ಹಳೆಯ ಟೀವಿಗಳ ಕಾಲದ್ದು: ಚಿತ್ರದ ಅಡ್ಡಗೆರೆಗಳಲ್ಲಿ ಒಂದು ಬಿಟ್ಟು ಒಂದು ಮೊದಲು, ಉಳಿದವು ಆಮೇಲೆ. ಹಿಂದೆ ಯಾವುದೋ ಮದುವೆಯ ಡಿಸ್ಕಿಗೆಂದು ಇಟ್ಟದ್ದು, ಎಷ್ಟೋ ಮದುಮಕ್ಕಳು ಆ ಸೆಟ್ಟಿಂಗಿನಲ್ಲೇ ಸಂಸಾರಕ್ಕೆ ಕಾಲಿಟ್ಟಿದ್ದರು. 'ಪ್ರೊಗ್ರೆಸಿವ್'ಗೆ ಬದಲಿಸಿ ತುಣುಕನ್ನು ಟ್ಯಾಬಿಗೆ ಹಾಕಿದೆವು. ಸೊಂಟಪಟ್ಟಿಯ ಜ್ವರ ಬಿಟ್ಟಿತು.

ತೊಡೆಯ ಇರುವೆಗಳು ಹಾಗೇ ಇದ್ದವು.

"ಅದು ನನ್ ತಪ್ಪಲ್ಲ" ಎಂದ ಅವನು, ಕುರ್ಚಿಗೆ ಒರಗಿ. "ಗೆರಿ ಎಣಿಸಂಗ ಬರಬೇಕು ಅಂದಾಕಿ ಯಾರು? ಅಷ್ಟು ದೊಡ್ಡ ಫೋಟೊ ಈ ಅಂಗೈ ಅಗಲದ ಟ್ಯಾಬಿನಾಗ ತುರುಕಿದ್ರ ಗೆರಿಗೆ ಜಾಗ ಎಲ್ಲೈತಿ?"

ಇದು ನನಗೆ ಹೊಲಿಗೆಯ ಭಾಷೆಯಲ್ಲಿ ಅರ್ಥವಾಯಿತು. ಒಂದು ಇಂಚಿನಲ್ಲಿ ಇಂತಿಷ್ಟೇ ಹೊಲಿಗೆ ಹಿಡಿಯುತ್ತದೆ. ಜಾಸ್ತಿ ತುಂಬಿದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಟ್ಯಾಬಿನ ಪರದೆಯಲ್ಲಿರುವುದೂ ಎಣಿಕೆಯ ಚುಕ್ಕೆಗಳು. ನನ್ನ ಗೆರೆಗಳು ಚುಕ್ಕೆಗಿಂತ ಸಣ್ಣವು. ಚಿತ್ರ ಮೆಲ್ಲಗೆ ಹತ್ತಿರ ಬರುವಾಗ ಒಂದೊಂದು ಗೆರೆಯೂ ಈ ಚುಕ್ಕೆಯಲ್ಲಿ ಕೂರಲೋ ಆ ಚುಕ್ಕೆಯಲ್ಲಿ ಕೂರಲೋ ಎಂದು ಎಗರುತ್ತಿತ್ತು. ರಶ್ಶಿನ ಬಸ್ಸಿನಲ್ಲಿ ಒಂದೇ ಸೀಟಿಗೆ ಮೂವರು ಟವೆಲ್ಲು ಎಸೆದ ಹಾಗೆ.

ಫೋಟೊಗಳನ್ನು ಮೊದಲೇ ಟ್ಯಾಬಿನ ಅಳತೆಗೆ ಇಳಿಸಿದ. ಇರುವೆಗಳು ಅರ್ಧ ಹೋದವು. ಒಂದು ಕೂದಲೆಳೆಯಷ್ಟು ಮಸುಕು ಮಾಡಿದ. ಪೂರ್ತಿ ಹೋದವು. ಜೊತೆಗೆ ನನ್ನ ಗೆರೆಯೂ ಹೋಯಿತು.

"ಗೆರಿ ಕಾಣದಿದ್ರ ಅದು ಜೀನ್ಸ್ ಹೆಂಗಾಕ್ಕೈತಲೇ? ಪೊಲೀಸ್ನೋರ ಪ್ಯಾಂಟಿನಂಗ ಕಾಣಾಕತ್ತೈತಿ!"

"ಗೆರಿ ಬೇಕಂದ್ರ ನಡುಕ ತಗೋ. ಎರಡರಾಗ ಒಂದ್ ಹೇಳು."

ಎರಡರಲ್ಲಿ ಒಂದು ಆರಿಸು ಎಂದವರಿಗೆ ನಾನು ಯಾವತ್ತೂ ಒಂದನ್ನು ಆರಿಸಿದವಳಲ್ಲ. ಇಡೀ ಪ್ಯಾಂಟು ಕಾಣುವ ಚಿತ್ರ ಮಸುಕಿನದೇ ಇರಲಿ, ಹತ್ತಿರ ಹೋಗುವ ಆ ಮದುಮಗಳ ನಡಿಗೆ ಬೇಡ, ನಿಂತಲ್ಲೇ ನಿಲ್ಲಲಿ. ಅದರ ಬೆನ್ನಿಗೇ ತೊಡೆಯ ಅಂಗೈಯಗಲ ಬಟ್ಟೆಯ ಒಂದು ಚಿತ್ರ, ಪರದೆ ತುಂಬ. ಅದರಲ್ಲಿ ಗೆರೆ ದಪ್ಪ ದಪ್ಪ ಇರುತ್ತದೆ, ಚುಕ್ಕೆಗಳಿಗೆ ಸಾಕಷ್ಟು ಜಾಗ. ಹಾಗೇ ಮಾಡಿದ. ಟ್ಯಾಬಿಗೆ ಹಾಕಿ ನೋಡಿದೆವು. ಗೆರೆ ಎಣಿಸಬಹುದಿತ್ತು.

ಆಮೇಲೆ ಇಡೀ ವಿಡಿಯೊ ಹೊಸದಾಗಿ ಮಾಡುವ ಮಾತು ಬಂತು, ಅದಕ್ಕೆ ಯಾರು ಕೊಡಬೇಕು ಎಂಬುದೂ ಬಂತು. ನಿನ್ನ ಸೆಟ್ಟಿಂಗು, ನಿನ್ನ ಫೋಟೊ, ನಿನ್ನ ಸೆಟ್ಟಿಂಗು, ನಿನ್ನ ಫೋಟೊ ಎಂದು ಚಹಾ ಆರುವ ತನಕ ಎಳೆದಾಡಿದೆವು. ಕೊನೆಗೆ ಪ್ಯಾಂಟಿಗೆ ಬಂದು ನಿಂತೆವು. ಒಂದು ಎಂದೆ, ಐದು ಎಂದ, ಮೂರಕ್ಕೆ ಮುಗಿಯಿತು. ಮುಗಿದ ಮೇಲೆ ಅವನು ಎದ್ದು ನಿಂತು ತನ್ನ ಸೊಂಟದ ಅಳತೆ ಹೇಳಿದ. ಕೂತೇ ಇದ್ದವನ ಜೊತೆ ವ್ಯಾಪಾರ ಮಾಡಬಾರದು ಎಂದು ಆವತ್ತು ತಿಳಿಯಿತು.

ಸೋಮವಾರ ಸಿರುಗುಪ್ಪ. ಅಂಗಡಿಯೊಳಗೆ ಕಾಲಿಟ್ಟವಳೇ ಮೊದಲು ನನ್ನ ಗಂಟು ಹುಡುಕಿದೆ. ಸಾವುಕಾರರ ಕಾಲ ಬಳಿ ಇರಲಿಲ್ಲ. ತಲೆ ಎತ್ತಿದರೆ ಮುಂದಿನ ರ‍್ಯಾಕಿನಲ್ಲಿ ನನ್ನ ಎರಡು ಪ್ಯಾಂಟು, ನನ್ನ ಲೇಬಲ್ಲು ಹೊರಗೆ ಮಾಡಿಕೊಂಡು ಕೂತಿದ್ದವು. ಉಳಿದವು ಇರಲಿಲ್ಲ.

"ಗಂಟು ಎಲ್ಲಿ ಸಾವ್ಕಾರ್ರ?"

"ನೆಲದ ಮ್ಯಾಲಿದ್ರ ಇಲಿ ಕಡಿತಾವ ಅಂತ ಎತ್ತಿ ಅಲ್ಲಿಟ್ಟೆ ರೀ ಅಕ್ಕಾರ. ಒಬ್ಬಾಂವ ಬಂದು ಮುಟ್ಟಿ ನೋಡಿದ, ತಗೊಂಡು ಹೋದ. ಅವನ ತಮ್ಮ ಬಂದ. ಆಮ್ಯಾಲೆ ಅವರ ಭಾವನೂ ಬಂದ."

"ಪಾಲಿಸ್ಟರ್ ಅಂದಿದ್ರಿ?"

"ಅವ್ರು ಟ್ಯಾಬು ನೋಡಿದ್ದಿಲ್ಲ ಬಿಡ್ರಿ" ಎಂದರು, ನಾಚಿಕೆಯೇ ಇಲ್ಲದೆ.

ನಾನು ನಗಲಿಲ್ಲ. ಇಂಥ ಹೊತ್ತಿನಲ್ಲಿ ನಕ್ಕರೆ ರೇಟು ಇಳಿಯುತ್ತದೆ. ಟ್ಯಾಬು ನಿಲ್ಲಿಸಿ ಹೊಸ ವಿಡಿಯೊ ಹಚ್ಚಿದೆ. ಪ್ಯಾಂಟು ಬಂತು, ನಿಂತಿತು, ಗೆರೆ ತೋರಿಸಿತು, ಹೋಯಿತು. ಸಾವುಕಾರರು ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಈಗ ಸುಮ್ನ ಕುಂತೈತಿ ನೋಡ್ರಿ, ಮಾಸ್ತರು ಬಂದಾಗ ಹುಡುಗ್ರು ಕುಂತಂಗ. ಆದ್ರೂ ರೇಟಿನಾಗ ಒಂಚೂರು..."

"ಅಡ ಇಟ್ಟಿದ್ದ ಮಾಲು ಮಾರ್ಕೊಂಡೀರಿ ಸಾವ್ಕಾರ್ರ. ಅದರ ಮಾತು ಎತ್ತಲೇನು?"

ಎತ್ತುವುದು ಬೇಡವಾಯಿತು. ನಾನು ಹೇಳಿದ ರೇಟಿಗೇ ಆರ್ಡರು ಹಾಕಿದರು, ಲೇಬಲ್ಲು ನನ್ನದೇ. ಮನೆಗೆ ಬಂದು ಲೇಬಲ್ಲಿನ ಡಬ್ಬಿಯ ಮುಚ್ಚಳ ತೆಗೆದು ಮಷೀನಿನ ಪಕ್ಕ ಇಟ್ಟೆ.

ಇನ್ನು ನಿಮಗೆ. ನೀವೂ ಸೀರೆಯದೋ, ಒಡವೆಯದೋ, ಮಗಳ ಮದುವೆಯದೋ ಫೋಟೊ ವಿಡಿಯೊ ಮಾಡಿಸುವವರೇ. ಅದು ಟ್ಯಾಬಿನಲ್ಲಿ ಮಿಣುಕಿದರೆ ಟ್ಯಾಬನ್ನು ಬೈಯುವ ಮುಂಚೆ ವಿಡಿಯೊ ನಿಲ್ಲಿಸಿ ನೋಡಿ. ನಿಂತಾಗ ಮಿಣುಕು ನಿಂತರೆ ದೋಷ ವಿಡಿಯೊದ್ದು. ಎಲ್ಲಿ ಮಿಣುಕುತ್ತದೆ ಎಂದು ಬೆರಳಿಟ್ಟು ನೋಡಿ: ಅಂಚು, ಪಟ್ಟಿಗಳಲ್ಲಾದರೆ ಫೈಲನ್ನು 'ಪ್ರೊಗ್ರೆಸಿವ್' ಮಾಡಿ ತೆಗೆಸಿ; ಜರಿ, ಚೌಕಳಿ, ಸಣ್ಣ ಗೆರೆಗಳಲ್ಲಾದರೆ ಫೋಟೊವನ್ನು ಪರದೆಯ ಅಳತೆಗೆ ಇಳಿಸಿ, ಚೂರೇ ಚೂರು ಮಸುಕು ಮಾಡಿಸಿ, ಆ ಮೆಲ್ಲಗೆ ಹತ್ತಿರ ಹೋಗುವ ಚಟ ಬಿಡಿಸಿ. ಒಂದು ಸಲಕ್ಕೆ ಒಂದೇ ಬದಲಿಸಿ, ಸಣ್ಣ ತುಣುಕಿನಲ್ಲಿ ಪರೀಕ್ಷೆ ಮಾಡಿ. ಸ್ಟುಡಿಯೊದ ಪರದೆ ನಂಬಬೇಡಿ, ವಿಡಿಯೊ ಓಡಬೇಕಾದ ಟ್ಯಾಬನ್ನೇ ಅಲ್ಲಿಗೆ ಒಯ್ಯಿರಿ. ಒಯ್ಯುವುದಕ್ಕೆ ಅಡ ಕೇಳಿದರೆ ದುಡ್ಡು ಇಡಬೇಡಿ, ಮಾಲು ಇಡಿ. ಲೇಬಲ್ಲು ಮೇಲೆ ಕಾಣುವ ಹಾಗೆ ಮಡಚಿ ಇಡಿ.