ನಾಟಿ ಕುಂಬಳ ಒಡೆದ ಮಧ್ಯಾಹ್ನ

ಹುಳಿಮಾವು ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಮಹಡಿ ಮನೆಯ ಒಡತಿಯ ಹಿತ್ತಿಲಲ್ಲಿ ಒಂದು ಕುಂಬಳದ ಬಳ್ಳಿಯಿತ್ತು. ಹೊಲವೆಲ್ಲ ಲೇಔಟಾಗಿ ಹೋದರೂ ತಾಯಿಯಿಂದ ಬಂದ ಆ ನಾಟಿ ಬೀಜವನ್ನು ಮಾತ್ರ ಆಕೆ ವರ್ಷವರ್ಷವೂ ಬಿತ್ತಿ ಉಳಿಸಿಕೊಂಡಿದ್ದರು. ಆ ವರ್ಷ ಇದ್ದ ಬೀಜವೆಲ್ಲ ಬಿತ್ತಿ ಮುಗಿದಿತ್ತು. ಬಳ್ಳಿ ಬಿಟ್ಟದ್ದು ಒಂದೇ ಕಾಯಿ. ಬೀಜಕ್ಕೆಂದು ಬಲಿಯಲು ಬಿಟ್ಟಿದ್ದ ಅದರ ಅಡಿಭಾಗ ಅಕಾಲದ ಮಳೆಗೆ ನೆನೆದು ಮೆತ್ತಗಾಗತೊಡಗಿತು. ಕೂಡಲೇ ಒಡೆದು ಬೀಜ ತೆಗೆಯದಿದ್ದರೆ ಆ ತಳಿಯೇ ಇಲ್ಲವಾಗುತ್ತಿತ್ತು.

ಆದರೆ ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಏಟು ಹಾಕಬಾರದೆಂಬುದು ಆ ಮನೆಯ ಕಟ್ಟಳೆ. ಪ್ರತಿವರ್ಷ ಒಡೆಯುತ್ತಿದ್ದ ಮಗ ಬೈಕಿನಿಂದ ಬಿದ್ದು ಆಸ್ಪತ್ರೆಯಲ್ಲಿದ್ದ.

“ಕೊಡಿ ಆಂಟಿ, ನಾನ್ ಒಡೀತೀನಿ,” ಎಂದೆ.

“ಬೇಡ ಕಣಮ್ಮ. ಕುಂಬಳ ಅಂದ್ರೆ ಮನೆ ಹಿರಿಮಗ ಇದ್ದಂಗೆ. ಅವನು ಅಲ್ಲಿ ಮಲ್ಗಿರೋವಾಗ ನಾವ್ ಹೆಂಗಸ್ರು ಇಲ್ಲಿ ಇದಕ್ಕೆ ಕತ್ತಿ ಹಾಕೋದಾ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ನಂಬಿಕೆಗಳ ವಿರುದ್ಧ ಗಂಟಲು ಹರಿಯುವಂತೆ ಮಾತಾಡಿದವಳು ನಾನು. ಬಿತ್ತಿ ನೀರೆರೆದ ಕೈ ಒಡೆಯಲೇಕೆ ಅನರ್ಹ ಎಂಬ ಪ್ರಶ್ನೆ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಮಗನಿಗಾಗಿ ಹೆದರಿದ್ದ ತಾಯಿಯೆದುರು ವಾದ ಗೆದ್ದು ಪಡೆಯುವುದಾದರೂ ಏನು? ಗಂಡಸಿನ ಕೈಯಿಂದಲೇ ಒಡೆಸೋಣವೆಂದು ಬೀದಿಯ ತಿರುವಿಗೆ ಹೋಗಿ ಎಳನೀರು ಮಾರುವವರನ್ನು ಕರೆತಂದೆ.

ಅವರು ಮಚ್ಚೆತ್ತಿ ಕುಂಬಳವನ್ನೊಮ್ಮೆ ನೋಡಿದರು. “ನೀರಿರೋದು ಬೇಕಾ ಅಕ್ಕ, ಗಂಜಿ ಇರೋದಾ? ಸ್ಟ್ರಾ ಎಷ್ಟು ಹಾಕ್ಲಿ?”

ಮಗ ಆಸ್ಪತ್ರೆ ಸೇರಿದ ಮೇಲೆ ಆಂಟಿ ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಒಂದೇ ಏಟಿಗೆ ಕಾಯಿ ಹೋಳಾಯಿತು. ಕೊಳೆ ಒಳಗಿನವರೆಗೆ ಇಳಿದಿರಲಿಲ್ಲ. ಆಂಟಿ ಬೀಜಗಳನ್ನು ತೊಳೆದು, ಬೂದಿ ಸವರಿ, ಒಣಗಿಸಿ, ಒಂದು ಹಿಡಿಯನ್ನು ನನಗೂ ಕೊಟ್ಟರು.

“ನಮ್ಮನೇಲಿ ಕೆಟ್ಟೋದ್ರೂ ನಿಮ್ಮನೇಲಿ ಇರುತ್ತೆ.”

ಮಗ ಮನೆಗೆ ಮರಳಿದ. ಮುಂದಿನ ಬೆಳೆಗೆ ನನ್ನ ಟೆರೇಸಿನ ಡ್ರಮ್ಮಿನಲ್ಲೂ ಒಂದು ಕುಂಬಳ ಬಲಿಯಿತು. ಆ ಕಟ್ಟಳೆ ತಪ್ಪೆಂದೇ ಇಂದಿಗೂ ವಾದಿಸುವ ನಾನು, ಆಂಟಿಯ ಮನಸ್ಸು ನೋಯದಿರಲೆಂದು ಕಾಯಿಯನ್ನು ಮಗನಿಂದ ಒಡೆಸಲು ಕೆಳಗೆ ಹೊತ್ತೊಯ್ದೆ. ಮಗ ಊರುಗೋಲು ಹಿಡಿದು ಎದ್ದು ಬಂದ. ಆಂಟಿ ಅವನನ್ನು ತಡೆದು, ಮಚ್ಚನ್ನು ನನ್ನ ಕೈಗಿತ್ತರು.

“ನಿನ್ ಬಳ್ಳೀದು, ನೀನೇ ಒಡಿ. ನಾನ್ ನೋಡಲ್ಲ, ಅಷ್ಟೇ.”

ಹಾಗೆಂದು ಮಗನ ತೋಳನ್ನು ಬಿಗಿಯಾಗಿ ಹಿಡಿದು, ಹಿತ್ತಿಲ ಕಡೆಗೆ ಮುಖ ತಿರುಗಿಸಿ ನಿಂತರು.